ಸೋಮಲಿಂಗನ ಕಿವಿ

ಹುನಗುಂದದಿಂದ ಬರುವ ರಸ್ತೆಯಲ್ಲಿ, ಇಳಕಲ್ಲು ಇನ್ನೇನು ಶುರುವಾಯಿತು ಅನ್ನುವಲ್ಲಿ, ಬೇವಿನ ಮರದ ಕೆಳಗೆ ಸೋಮಲಿಂಗನ ಗ್ಯಾರೇಜು ಇತ್ತು. ಗ್ಯಾರೇಜು ಅಂದರೆ ನಾಲ್ಕು ತಗಡು ಮತ್ತು ಎಣ್ಣೆ ಕುಡಿದು ಕಪ್ಪಾದ ನೆಲ, ಅಷ್ಟೆ. ಬೋರ್ಡು ಸಹ ಇರಲಿಲ್ಲ. ಆದರೂ ಬಾದಾಮಿ, ಬಾಗಲಕೋಟೆ ಕಡೆಯ ಜೀಪಿನವರು ಹಾದಿಯ ಎಲ್ಲ ಗ್ಯಾರೇಜುಗಳನ್ನೂ ದಾಟಿ ಅಲ್ಲಿಗೇ ಬರುತ್ತಿದ್ದರು. ಗಾಡಿ ಇನ್ನೂ ರಸ್ತೆ ಬಿಟ್ಟು ಇಳಿಯುವ ಮೊದಲೇ ಸೋಮಲಿಂಗ ತಲೆ ಎತ್ತದೆ, “ಡೈನಮೋ ಪುಲ್ಲಿ ಸೊಟ್ಟ ಕುಂತೈತಿ” ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು.

ಆ ಕಿವಿ ಅವನಿಗೆ ಮಗ್ಗದಿಂದ ಬಂದದ್ದು. ಅವರದು ನೇಕಾರರ ಮನೆ. ಅಪ್ಪನ ಕಾಲಕ್ಕೆ ಕುಣಿಮಗ್ಗವಿತ್ತು. ಅಪ್ಪ ತೀರಿಕೊಂಡ ಮೇಲೆ ಪಡಸಾಲೆಯಲ್ಲಿ ಪವರ್‌ಲೂಮು ಬಂದು ಕೂತವು. ಹುಡುಗನ ಧ್ಯಾನವೆಲ್ಲ ಸೀರೆ ಬಿಟ್ಟು ಮೋಟರಿನಿಂದ ಮಗ್ಗಕ್ಕೆ ಓಡುವ ಬೆಲ್ಟಿನ ಸದ್ದಿನ ಮೇಲೆ. “ಇವಂಗ ಸೆರಗ ಬ್ಯಾಡ, ಗಾಲಿ ಬೇಕು” ಎಂದು ತಾಯಿ ಕಾಳವ್ವ ಬೈದು ಬೈದು ಸಾಕಾಗಿ ಕೊನೆಗೆ ಗ್ಯಾರೇಜಿನ ಕೆಲಸಕ್ಕೆ ಬಿಟ್ಟಳು. ಮಗ್ಗಗಳನ್ನು ಅವಳು, ಮುಂದೆ ಸೊಸೆಯಾಗಿ ಬಂದ ನೀಲವ್ವ, ಇಬ್ಬರೂ ನೋಡಿಕೊಂಡರು.

ಅವನ ಪರೀಕ್ಷೆ ಸರಳ. ಚೀರುವ ಬೆಲ್ಟಿನ ಮೇಲೆ ಒಂದಿಷ್ಟು ನೀರು ಚಿಮುಕಿಸುತ್ತಿದ್ದ. ಶಬ್ದ ಸುಮ್ಮನಾಗಿ, ನೀರು ಆರಿದ ಮೇಲೆ ಮತ್ತೆ ಹುಟ್ಟಿದರೆ ಬೆಲ್ಟು ಸವೆದಿದೆ, ಇಲ್ಲವೆ ಪುಲ್ಲಿ ಸೊಟ್ಟಗಿದೆ. ನೀರು ಬಿದ್ದದ್ದೇ ಇನ್ನೂ ಜೋರಾಗಿ ಚೀರಿದರೆ ಬೆಲ್ಟು ಸಡಿಲಾಗಿದೆ. ನೀರಿಗೆ ಕ್ಯಾರೇ ಅನ್ನದೆ ಹಾಗೆಯೇ ಅಳುತ್ತಿದ್ದರೆ ಮಾತ್ರ ರೋಗ ಒಳಗೆ, ಬೇರಿಂಗಿನಲ್ಲಿ. ಆಗ ಅವನು ಇಂಜಿನ್ನಿನ ಗದ್ದಲದಲ್ಲಿ ಬಾಯಿ ನೋಯಿಸಿಕೊಳ್ಳದೆ ಹೆಬ್ಬೆರಳನ್ನು ಎದೆಗೆ ಒತ್ತಿ ತೋರಿಸುತ್ತಿದ್ದ. ಒಳಗಿನದು ಅಂತ ಅರ್ಥ. ಅದು ಅವನ ಓಣಿಯ ಸನ್ನೆ.

ಆ ಓಣಿಯ ಬಗ್ಗೆ ಹೇಳಲೇಬೇಕು, ಏಕೆಂದರೆ ಕೇಡು ಹುಟ್ಟಿದ್ದು ಅಲ್ಲಿಯೇ. ಅಲ್ಲಿ ಮನೆಮನೆಗೂ ಪವರ್‌ಲೂಮು, ಹೊತ್ತು ಹುಟ್ಟಿದಾಗಿನಿಂದ ಖಟಾಖಟ. ಬಾಯಿಂದ ಕರೆದರೆ ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಯಾರೂ ಕರೆಯುವುದೂ ಇಲ್ಲ. ಊಟಕ್ಕೆ ಒಂದು ಸನ್ನೆ, ನೀರಿಗೆ ಒಂದು, ಎಳೆ ಕಡಿದರೆ ಒಂದು. ಬೆನ್ನು ತಿರುಗಿಸಿ ಕೂತವರನ್ನು ಕರೆಯಬೇಕಾದರೆ ಹತ್ತಿರ ಹೋಗಿ ನೆಲಕ್ಕೆ ಹಾಸಿದ ಸಡಿಲ ಪರಸಿಕಲ್ಲಿನ ಮೇಲೆ ಹಿಮ್ಮಡಿ ಗುದ್ದುತ್ತಾರೆ. ಕಲ್ಲು ಅದುರಿದ್ದೇ ಕೂತವರು ತಟ್ಟನೆ ತಿರುಗುತ್ತಾರೆ. ಹೊಸದಾಗಿ ಬಂದವರಿಗೆ ಇದು ಮೂಕರ ಓಣಿಯೇನೋ ಅನ್ನಿಸಬೇಕು.

ಇಂಥ ಓಣಿಯಲ್ಲಿ ಸೋಮಲಿಂಗನ ಮಗಳು ಪ್ರಿಯದರ್ಶಿನಿ ಹುಟ್ಟಿದಳು. ಕಣ್ಣು ಬಲು ಚುರುಕು. ಸನ್ನೆ ಮಾಡಲು ಕೈ ಎತ್ತುವುದರೊಳಗೆ ಅವಳಿಗೆ ಅರ್ಥವಾಗಿರುತ್ತಿತ್ತು. ಹಿಮ್ಮಡಿ ಗುದ್ದಿದರೆ ತಿರುಗಿ ನಗುತ್ತಿದ್ದಳು. ಮಾತು ಮಾತ್ರ ಬರಲಿಲ್ಲ. “ಅವರಪ್ಪಂಗೂ ತಡಾ ಆಗೇ ಬಂದಾವು” ಎಂದು ಕಾಳವ್ವ ತಳ್ಳಿಹಾಕಿದಳು. ಹೆತ್ತ ಕರುಳು ಸುಮ್ಮನಿರಬೇಕಲ್ಲ, ನೀಲವ್ವ ಒಂದು ದಿನ ಗಂಡನಿಗೆ ರೊಟ್ಟಿ ಬಡಿಸುತ್ತ, “ರೀ, ಕೂಸಿಗೆ ಕಿವಿ ಕೇಳಸ್ತಾವೋ ಇಲ್ಲೋ, ಒಮ್ಮೆ ದವಾಖಾನಿಗೆ ತೋರಸೂಣೇನ್ರಿ” ಅಂದಳು.

ಸೋಮಲಿಂಗ ನಕ್ಕುಬಿಟ್ಟ. “ಬೇರಿಂಗಿನಾಗ ಒಂದು ಹಳ್ಳು ಉಸುಕು ಹೊಕ್ಕರ ನನಗ ಗೊತ್ತಾಕ್ಕೈತಿ. ನನ್ನ ಮಗಳ ಕಿವಿ ಗೊತ್ತಾಗೂದಿಲ್ಲೇನು?”

ನೀಲವ್ವ ಮತ್ತೆ ಆ ಮಾತು ಎತ್ತಲಿಲ್ಲ. ಊರಿಗೇ ಕಿವಿ ಅನ್ನಿಸಿಕೊಂಡವನ ಮುಂದೆ ಅವಳೇನು ವಾದ ಮಾಡಿಯಾಳು?

ಎರಡು ಸಾವಿರದ ಒಂದರ ಬೇಸಿಗೆ. ಮಗಳನ್ನು ಸಾಲೆಗೆ ಹಾಕುವ ವಯಸ್ಸು. ಮನೆಯಲ್ಲಿ ಮದುವೆ ಸೀರೆಗಳ ಅವಸರವಿದ್ದುದರಿಂದ ಸೋಮಲಿಂಗ ಅವಳನ್ನು ಗ್ಯಾರೇಜಿಗೇ ಕರೆದೊಯ್ಯುತ್ತಿದ್ದ. ಬೆಲ್ಟಿಗೆ ಹಾಕುವ ನೀರಿನ ಮಗ್ಗು ತಂದುಕೊಡುವುದು ಅವಳ ಕೆಲಸ. ಆ ಕೆಲಸ ಬೇರೆ ಯಾರಾದರೂ ಮಾಡಿದರೆ ಮೂಗಿನ ತುದಿಯಲ್ಲೇ ಸಿಟ್ಟು.

ಒಂದು ಮುಂಜಾನೆ ಡ್ರೈವರ್ ಬಂದೇನವಾಜ, ಮಹಾಕೂಟಕ್ಕೆ ಜನ ಒಯ್ಯುವ ತನ್ನ ಜೀಪನ್ನು ತಂದು ನಿಲ್ಲಿಸಿದ. ಸೋಮಲಿಂಗ ಬಾನೆಟ್ಟು ಎತ್ತಿ, ರೇಸು ಕೊಡು ಎಂದು ಸನ್ನೆ ಮಾಡಿದ. ಬೆಲ್ಟು ಚೀರಿದ್ದು ಎಂಥದ್ದೆಂದರೆ, ಚಹಾದಂಗಡಿಯ ಮುಂದೆ ಕಟ್ಟಿದ್ದ ಆಡು ಹಗ್ಗ ಹರಿದುಕೊಂಡು ಓಡಿತು. ಚಹಾ ಕುಡಿಯುತ್ತಿದ್ದವರು ಕಿವಿ ಮುಚ್ಚಿಕೊಂಡರು. ಜೀಪಿಗೆ ಬೆನ್ನು ಮಾಡಿ ಕೂತಿದ್ದ ಪ್ರಿಯದರ್ಶಿನಿ ಮಾತ್ರ ನಟ್ಟುಗಳನ್ನು ಮಣ್ಣಿನಲ್ಲಿ ಸಾಲಾಗಿ ಹೂಳುತ್ತಲೇ ಇದ್ದಳು.

ಬಂದೇನವಾಜ ಇಂಜಿನ್ನು ಬಂದ್ ಮಾಡಿ ಕೆಳಗಿಳಿದ. “ಸೋಮಣ್ಣ, ಹುಡಿಗಿ ಯಾಕ ಬೆಚ್ಚಲಿಲ್ಲ?”

“ರೂಢಿ ಆಗೈತಿ ಬಿಡೋ.”

“ನನಗೂ ರೂಢಿ ಐತಿ. ನಾನೂ ಬೆಚ್ಚಿದೆ.” ಅವನು ಜೀಪಿನೊಳಗೆ ಕೈ ಚಾಚಿ ಅವಳ ಬೆನ್ನ ಹಿಂದೆಯೇ ಹಾರ್ನು ಒತ್ತಿ ಹಿಡಿದ. ಅವಳು ಇನ್ನೊಂದು ನಟ್ಟು ಹೂತಳು.

“ತಪ್ಪ ತಿಳಕೋಬ್ಯಾಡ ಅಣ್ಣಾ,” ಅಂದ ಬಂದೇನವಾಜ, ಮೆಲ್ಲಗೆ.

ಸೋಮಲಿಂಗ ಮಗಳನ್ನು ಎತ್ತಿಕೊಂಡು ಮನೆಗೆ ನಡೆದ. ಓಣಿ ಮುಟ್ಟುವ ಹೊತ್ತಿಗೆ ಕರೆಂಟು ಹೋಗಿತ್ತು. ಮಗ್ಗಗಳೆಲ್ಲ ನಿಂತು, ಯಾರದೋ ಮನೆಯಲ್ಲಿ ಪಾತ್ರೆ ಇಟ್ಟ ಸದ್ದೂ ಕೇಳುವಷ್ಟು ಓಣಿ ನಿಶ್ಶಬ್ದವಾಗಿತ್ತು. ಅವನು ಮಗಳನ್ನು ಪಡಸಾಲೆಯಲ್ಲಿ ಇಳಿಸಿದ. ಅವಳು ಗೋಡೆಯ ಕಡೆ ಮುಖ ಮಾಡಿ, ಗೊಂಬೆಗೆ ಸೀರೆ ಚೂರು ಸುತ್ತುತ್ತ ಕೂತಳು. ಅವನು ಹಿಂದೆ ನಿಂತು ಕರೆದ.

“ಪ್ರಿಯಾ.”

ಆ ಹೆಸರನ್ನು ಅವನು ಮನೆಯಲ್ಲಿ ಬಾಯಿಬಿಟ್ಟು ಕರೆದದ್ದೇ ಅಪರೂಪ. ಮತ್ತೆ ಕರೆದ, ಇನ್ನೂ ಜೋರಾಗಿ ಕರೆದ. ಅಡುಗೆಮನೆಯಿಂದ ಕಾಳವ್ವ, “ಕರೆಂಟ ಇಲ್ಲ, ಯಾಕ ಅಷ್ಟು ಒದರ್ತೀಯೋ” ಅಂದಳು. ಮಗು ತಿರುಗಲಿಲ್ಲ. ಕೊನೆಗೆ ಅವನು ಕಾಲೆತ್ತಿ ಹಿಮ್ಮಡಿಯಿಂದ ಪರಸಿಕಲ್ಲು ಗುದ್ದಿದ. ಪ್ರಿಯದರ್ಶಿನಿ ತಟ್ಟನೆ ತಿರುಗಿ, ಅಪ್ಪನನ್ನು ನೋಡಿ ಬಾಯಿ ತುಂಬ ನಕ್ಕಳು.

ಬಾಗಿಲಲ್ಲಿ ನಿಂತ ನೀಲವ್ವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. “ಊರಿಗೆ ಉಪಕಾರಿ, ಮನಿಗೆ ಮಾರಿ” ಎಂದಷ್ಟೇ ಅಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಬಾಗಲಕೋಟೆಯ ಡಾಕ್ಟರು ಒಳ್ಳೆಯವರು. ಏನೇನೋ ಮಷಿನು ಹಚ್ಚಿ ನೋಡಿ, ಹುಟ್ಟಿನಿಂದಲೇ ಕಿವಿಯ ನರ ಬಹುಪಾಲು ಸತ್ತಿದೆ ಎಂದರು. “ವರ್ಷದ ಕೂಸಿದ್ದಾಗ ತಂದಿದ್ದರ ಮಷಿನ್ ಹಾಕಿ, ಕಲಿಸಿ, ಅಷ್ಟಿಷ್ಟು ಮಾತು ತರಿಸಬಹುದಿತ್ತು. ಈಗ ಭಾಳ ತಡಾ ಆಗೈತ್ರಿ. ಇಷ್ಟು ದಿನಾ ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲೇನು?”

“ನಮ್ಮ ಓಣ್ಯಾಗ ಯಾರೂ ಯಾರನ್ನೂ ಬಾಯಿಲೆ ಕರಿಯೂದಿಲ್ಲರಿ,” ಅಂದ ಸೋಮಲಿಂಗ. ಹೇಳಿದ ಮೇಲೆ ಆ ಮಾತು ಅವನಿಗೇ ನಾಚಿಕೆ ತಂದಿತು. ಹೆಂಡತಿ ಕೇಳಿದ್ದಳು, ತಾನು ನಕ್ಕಿದ್ದ, ಆದದ್ದು ಇಷ್ಟೇ. ಅದನ್ನು ಡಾಕ್ಟರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ.

ಎದೆಗೆ ಕಟ್ಟುವ ಡಬ್ಬಿಯಂಥ ಮಷಿನು ಕೊಟ್ಟರು. ಮಗಳು ಅದನ್ನು ಬಿಚ್ಚಿ ಗೊಂಬೆಗೆ ಕಟ್ಟಿದಳು. ಕಾಳವ್ವ ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಳು. ಆ ಒಂದು ಮಾತು ಬಿಟ್ಟರೆ ನೀಲವ್ವ ಗಂಡನಿಗೆ ಬೈಯಲೇ ಇಲ್ಲ, ಅದೇ ಅವನಿಗೆ ತಡೆಯದಾಯಿತು. ಗ್ಯಾರೇಜಿನ ಜನ ಮೊದಲಿನಂತೆ, “ಸೋಮಣ್ಣನ ಕಿವಿ ಅಂದ್ರ ಕಿವಿ” ಎಂದು ಹೊಗಳಿದರೆ, ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಿಸಾಡಿ ಎದ್ದು ಹೋಗುತ್ತಿದ್ದ. ಜನ ಕ್ರಮೇಣ ಹೊಗಳುವುದನ್ನು ಬಿಟ್ಟರು. ಮಗಳು ಮಾತ್ರ ದಿನವೂ ಬಂದು, ಮಗ್ಗು ಹಿಡಿದು, ಅವನ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಆ ಮಳೆಗಾಲದ ಒಂದು ಮಧ್ಯಾಹ್ನ ಗಾಡಿ ಒಂದೂ ಇರಲಿಲ್ಲ. ಸೋಮಲಿಂಗ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವಳ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, “ಪ್ರಿಯಾ” ಅಂದ. ಅವಳ ಕಣ್ಣು ಅರಳಿತು. ಓಡುವ ಇಂಜಿನ್ನಿನ ಮೇಲೆ ಕೈ ಇಟ್ಟಾಗಲೂ ಅವಳಿಗೆ ಇದೇ ಖುಷಿ. ಇನ್ನೊಮ್ಮೆ ಅನ್ನು ಎಂದು ಸನ್ನೆ ಮಾಡಿದಳು. ಅವನು ಅಂದ. ಅವಳು ಇನ್ನೊಂದು ಕೈಯನ್ನು ತನ್ನ ಗಂಟಲಿಗೂ ಇಟ್ಟುಕೊಂಡು, ಅವನಂತೆಯೇ ತುಟಿ ಕೂಡಿಸಿ ಬಿಚ್ಚಿದಳು. ಬಂದದ್ದು ಬರೀ ಉಸಿರು. ತನ್ನ ಗಂಟಲು ಯಾಕೆ ಅಲುಗಲಿಲ್ಲ ಎಂದು ಅಪ್ಪನ ಮುಖ ನೋಡಿದಳು.

ಅವನು ಮತ್ತೆ ಹೆಸರು ಕರೆಯಲು ಹೋದ, ಆಗಲಿಲ್ಲ. ಅವಳ ಅಂಗೈಯ ಕೆಳಗೆ ಗಂಟಲು ಬೇರೆ ತೆರನಾಗಿ ನಡುಗತೊಡಗಿತು. ಅವಳು ಹುಬ್ಬು ಗಂಟಿಕ್ಕಿ, ಕೈ ಸರಿಸಿ ಸರಿಸಿ ಪರೀಕ್ಷೆ ಮಾಡಿದಳು. ಆಮೇಲೆ ತೊಡೆಯಿಂದಿಳಿದು ಓಡಿಹೋಗಿ ನೀರಿನ ಮಗ್ಗು ತಂದಳು. ಬೆರಳು ಅದ್ದಿ ಅವನ ಗಂಟಲ ಮೇಲೆ ಚಿಮುಕಿಸಿ, ಅಂಗೈ ಇಟ್ಟು ನೋಡಿದಳು. ನಡುಕ ನಿಂತಿರಲಿಲ್ಲ. ಇನ್ನೊಮ್ಮೆ ಚಿಮುಕಿಸಿದಳು. ಆಗಲೂ ನಿಲ್ಲಲಿಲ್ಲ.

ಪ್ರಿಯದರ್ಶಿನಿ ಮಗ್ಗನ್ನು ಕೆಳಗಿಟ್ಟು, ಅಪ್ಪನ ಮುಖ ನೋಡುತ್ತ, ಹೆಬ್ಬೆರಳನ್ನು ತನ್ನ ಎದೆಗೆ ಒತ್ತಿ ತೋರಿಸಿದಳು.