ಕಾರ್ಡಿನಲ್ಲಿ ಬಿಟ್ಟುಹೋದ ಹೆಸರು

ಅವರ ಬಲಗೈ ಹೆಬ್ಬೆರಳಿನ ಉಗುರು ಅಗಲವಾಗಿತ್ತು, ಕಪ್ಪಗಿತ್ತು. ಪ್ರೆಸ್ಸಿಗೆ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಗಿದ್ದರೂ ಹಳೆಯ ಮಸಿ ಆ ಉಗುರನ್ನು ಬಿಟ್ಟಿರಲಿಲ್ಲ. ಲಗ್ನದ ಕಾರ್ಡಿನ ಕರಡನ್ನು ಮೇಜಿನ ಮೇಲೆ ಹರವಿ, ಒಂದೊಂದು ಹೆಸರಿನ ಕೆಳಗೂ ಉಗುರು ಎಳೆಯುತ್ತ, "ಓದ್ರಿ, ಜೋರಾಗಿ ಓದ್ರಿ" ಅನ್ನುತ್ತಿದ್ದರು. ಗಿರಾಕಿ ಮನಸ್ಸಿನಲ್ಲೇ ಓದಿಕೊಂಡರೆ ನಡೆಯುತ್ತಿರಲಿಲ್ಲ. ಕುಷ್ಟಗಿಯಲ್ಲಿ ನಾವೆಲ್ಲ ಅವರನ್ನು ಪ್ರೆಸ್ ಕಾಕಾ ಅನ್ನುತ್ತಿದ್ದೆವು. ನಾನು ಶಾಲೆಯಲ್ಲಿ ದಿನಾ ಹಾಜರಿ ಕೂಗುವವಳು, ಆದರೂ ಹೆಸರಿನ ವಿಷಯದಲ್ಲಿ ಅವರಷ್ಟು ಹಟ ನನಗಿಲ್ಲ.

"ಖುದ್ದಾಗಿ ಬಂದು ಕರೆದಿದ್ದೇವೆಂದು ಭಾವಿಸಿ" ಎಂಬ ಸಾಲನ್ನು ಎಲ್ಲರೂ ಕೇಳುತ್ತಾರೆ. ಕಾಕಾ ಅದನ್ನು ಹಾಕುತ್ತಿರಲಿಲ್ಲ. "ಈ ಸಾಲು ಹಾಕಿದ್ರ ನೀವು ಯಾರ ಮನಿಗೂ ಹೋಗಂಗಿಲ್ಲ. ಕುಂತಲ್ಲಿಂದ ಬಾ ಅಂದ್ರ ಯಾರ್ ಬರ್ತಾರ್ರಿ?" ನೌಕರಿಯಲ್ಲಿರುವ ಮಗನ ಹೆಸರು ಮೇಲೆ ಬರಲಿ ಎಂದು ಯಾರಾದರೂ ಅಂದರೆ ಮುಗಿಯಿತು. "ಇದೇನು ಆಫೀಸಿನ ಬೋರ್ಡೇನ್ರಿ? ಮನಿ ಕಾರ್ಡು. ವಯಸ್ಸಿನ ಪ್ರಕಾರ ಹೇಳ್ರಿ." ಜಗಳಗಂಟ ಮುದುಕ ಎಂದು ಬೈದುಕೊಳ್ಳುತ್ತಲೇ ಜನ ಅವರ ಹತ್ತಿರವೇ ಬರುತ್ತಿದ್ದರು.

ನಮ್ಮ ಮನೆತನ ಒಡೆದದ್ದು ಒಂದು ಕಾರ್ಡಿನಿಂದ. ಗಿಣಿಗೇರಾದ ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ, ಮಗಳ ಲಗ್ನ ಮಾಡಿದಾಗ "ಸುಖಾಗಮನ ಬಯಸುವವರು" ಎಂಬಲ್ಲಿ ಸೋದರಮಾವಂದಿರಿಂದ ಹಿಡಿದು ಎಲ್ಲರ ಹೆಸರೂ ಇತ್ತು, ಒಡಹುಟ್ಟಿದ ತಮ್ಮನದಿರಲಿಲ್ಲ. ಅಪ್ಪ ಕಾರ್ಡನ್ನು ಎರಡು ಸಲ ಓದಿ ಮಡಚಿಟ್ಟರು. ಲಗ್ನಕ್ಕೆ ಹೋಗಲಿಲ್ಲ. ಮುಂದೆ ಹನ್ನೊಂದು ವರ್ಷ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡಾಗ ದೊಡ್ಡಪ್ಪ ಮಣ್ಣಿಗೆ ಬಂದರು, ಒಂದು ಹಿಡಿ ಮಣ್ಣು ಹಾಕಿ ಅಲ್ಲಿಂದಲೇ ತಿರುಗಿ ಹೋದರು.

ಆಮೇಲೆ ಅವ್ವ ಒಂದೇ ಮಾತು ಹಿಡಿದಳು. "ಎಲ್ಲಾರೂ ಒಮ್ಮೆ ಕೂಡಿ ಉಣ್ಣೂನು. ನಿಮ್ಮ ದೊಡ್ಡಪ್ಪ ಬರಬೇಕು." ಐದು ಊರುಗಳಲ್ಲಿ ಹಂಚಿಹೋದ ಮನೆತನ. ಇಟಗಿಯ ಗುಡಿಯ ಹತ್ತಿರ ಊಟ ಎಂದು ಗೊತ್ತು ಮಾಡಿ, ಕಾರ್ಡು ಹಾಕಿಸಲು ನಾನು ಕಾಕಾನ ಹತ್ತಿರ ಹೋದೆ.

ನನ್ನ ಪಟ್ಟಿ ನೋಡಿದವರು ಕಂಪ್ಯೂಟರ್ ಬಂದ್ ಮಾಡಿದರು. ಬಾಗಿಲನ್ನೂ ಅರ್ಧ ಮುಚ್ಚಿದರು.

"ಅವತ್ತ ನಿಮ್ಮಪ್ಪನ ಹೆಸರು ಬಿಟ್ಟಾಂವ ನಾನ, ತಂಗಿ. ನಿಮ್ಮ ದೊಡ್ಡಪ್ಪ ಬರದು ಕೊಟ್ಟ ಚೀಟ್ಯಾಗ ಇತ್ತು. ಎಲ್ಲಾ ಒಂದ ಪುಟದಾಗ ಹಿಡಸಾಕ ಹೋಗಿ ಒಂದು ಸಾಲು ಅಳಿಸಿ ಹೋತು. ಗೊತ್ತಾಗೂದ್ರಾಗ ಕಾರ್ಡು ಹಂಚಿ ಮುಗದಿತ್ತು. ಬಾಯಿ ಬಿಡಾಕ ಧೈರ್ಯ ಆಗಲಿಲ್ಲ. ಅವತ್ತಿಂದ ಎಲ್ಲಾರ ಕಡಿಂದ ಓದಸಾಕತ್ತೇನಿ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೋಡೆಗೆ ಅಂಟಿಸಿದ್ದ ಮಾದರಿ ಕಾರ್ಡುಗಳನ್ನು ನೋಡುತ್ತ ಕೂತೆ. ಅಪ್ಪ ಹೋದಾಗಿನಿಂದ ನನಗೆ ಹಾಗೇ ಆಗಿದೆ. ನಮ್ಮದೇ ಸುದ್ದಿಯೂ ಪಕ್ಕದ ಓಣಿಯವರದ್ದು ಅನ್ನಿಸುತ್ತದೆ.

"ಎರಡು ಮಾತು ಬೈದುಬಿಡವ್ವ" ಅಂದರು.

"ಕಾರ್ಡು ಯಾವಾಗ ಕೊಡ್ತೀರಿ ಕಾಕಾ?" ಅಂದೆ.

ಅವರು ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತರು. "ನಿಮ್ಮ ದೊಡ್ಡಪ್ಪನ್ನ ಕರೀಬ್ಯಾಡ, ಕರಿಯೋರ ಸಾಲಿನ್ಯಾಗ ಮೊದಲ ಹಾಕು. ಮನಿ ಹಿರ್ಯಾಗ ಬರ್ರಿ ಅಂದ್ರ ಅಂವ ಬೀಗರಂಗ ಹೊರಗಿನಾಂವ ಆಕ್ಕಾನ. ಕಾರ್ಡು ಅವನ ಕೈಯಾಗ ಕೊಟ್ಟು, ನೀವ ಹಂಚ್ರಿ ಅನ್ನು." ಮೊದಲು ದೊಡ್ಡಪ್ಪನ ಹೆಸರು, ಅದರ ಕೆಳಗೆ ದಿವಂಗತ ಎಂದು ಸೇರಿಸಿ ಅಪ್ಪನದು. ಕರಡನ್ನು ನನ್ನಿಂದ ಮೂರು ಸಲ ಓದಿಸಿದರು. ಮೂರು ಸಲವೂ ಅಪ್ಪನ ಹೆಸರನ್ನು ಹಾಜರಿ ಕೂಗಿದಷ್ಟೇ ಸಲೀಸಾಗಿ ಓದಿದೆ.

ಗಿಣಿಗೇರಾಕ್ಕೆ ಅವರೇ ನನ್ನ ಜೊತೆ ಬಂದರು. ದೊಡ್ಡಪ್ಪನ ಕಟ್ಟೆಯ ಮೇಲೆ ಫ್ಯಾಕ್ಟರಿಯ ಧೂಳು ಕೂತಿತ್ತು. ಕುಳಿತುಕೊಳ್ಳಿ ಎಂದರೂ ಕಾಕಾ ಕೂರಲಿಲ್ಲ. ನಿಂತೇ ಎಲ್ಲ ಹೇಳಿ, "ತಪ್ಪು ನಂದ್ರಿ. ನೀವು ಅಣ್ಣತಮ್ಮರು ಸುಮ್ನ ಮಾತು ಬಿಟ್ರಿ" ಅಂದರು. ದೊಡ್ಡಪ್ಪ ಅವರ ಮುಖ ನೋಡಲಿಲ್ಲ. ಕಾರ್ಡಿನ ಕಟ್ಟು ತೆಗೆದುಕೊಂಡು, "ಆತು, ಬರ್ತೀನಿ" ಅಂದರು, ಅಷ್ಟೇ. ಕೊಪ್ಪಳದಲ್ಲಿ ಬಸ್ ಬದಲಿಸುವಾಗ ಕಾಕಾ ಮೆಲ್ಲಗೆ, "ನಿಮ್ಮಪ್ಪನ ಪರವಾಗಿ ನೀನರ ಮಾಫ್ ಮಾಡ್ತೀಯೇನವ್ವ?" ಅಂದರು. ನಾನು, "ಬಸ್ ಬಂತು, ಹತ್ರಿ" ಅಂದೆ.

ಇಟಗಿಯಲ್ಲಿ ಎಲ್ಲರೂ ಕೂಡಿದರು. ದೊಡ್ಡಪ್ಪ ತಮ್ಮ ಪಾಲಿನ ಕಾರ್ಡುಗಳನ್ನು ಮನೆಮನೆಗೆ ಹೋಗಿ ಕೊಟ್ಟಿದ್ದರಂತೆ. ಅವತ್ತು ಪಂಕ್ತಿಯಲ್ಲಿ ಕೂರದೆ ತಾವೇ ಬಡಿಸಿದರು, ಅವ್ವನ ಎಲೆಗೆ ಎರಡೆರಡು ಸಲ ತುಪ್ಪ ಹಾಕಿದರು. ಅವ್ವ ಅತ್ತಳು. ನಾನು ನೀರಿನ ಲೋಟ ತುಂಬಿಸುತ್ತಿದ್ದೆ. ಕಾಕಾನನ್ನೂ ಕರೆದಿದ್ದೆ. "ಯಾವ ಮುಖ ಹೊತ್ತು ಬರ್ಲವ್ವ" ಅಂದಿದ್ದರು, ಬರಲಿಲ್ಲ.

ಎರಡು ತಿಂಗಳಿಗೆ ಕಾಕಾ ಹೋಗಿಬಿಟ್ಟರು. ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆಯುವಾಗ ಎದೆನೋವು ಬಂತಂತೆ. ಶಾಲೆ ಬಿಟ್ಟ ಮೇಲೆ ನಾನು ಹೋದಾಗ ದೊಡ್ಡಪ್ಪ ಹೂವಿನ ಹಾರ ಹಿಡಿದು ಆಗಲೇ ಬಂದಿದ್ದರು. ಹಾರ ಹಾಕಿ ಹೊರಗೆ ಬಂದವರು ನನ್ನನ್ನು ಬದಿಗೆ ಕರೆದರು.

"ಹೆಸರು ಬಿಟ್ಟಿದ್ದು ಹಂಚೂಕಿಂತ ಮೊದಲ ನಾ ನೋಡಿದ್ದೆ, ಮಗಳ. ಹೊಲದ ಮಾತಿಗೆ ನಿಮ್ಮಪ್ಪನ ಮ್ಯಾಲ ಸಿಟ್ಟಿತ್ತು. ಇರ್ಲಿ, ಗೊತ್ತಾಗ್ಲಿ ಅವಗ ಅಂತ ಹಂಗ ಹಂಚಿಬಿಟ್ಟೆ. ಈ ಮನಷ್ಯಾ ನಮ್ಮ ಮನಿಗೆ ಬಂದು ತಪ್ಪು ನಂದು ಅಂದಾಗೂ ನಾ ಬಾಯಿ ಬಿಡಲಿಲ್ಲ."

ನಾನು ಒಳಗೆ ಹೋದೆ. ಕಾಕಾನ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ಒಂದು ಮನಿ ಮುರದೇನಿ, ಒಂದು ಮನಿ ಮುರದೇನಿ ಅಂತಿದ್ರವ್ವ. ನಿನ್ನೆ ರಾತ್ರಿ ಉಣ್ಣೂವಾಗೂ ಅದನ್ನ ಅಂದ್ರು. ಯಾರ ಮನಿ ಅಂತ ಹೇಳಲಿಲ್ಲ."

"ಅವರು ಯಾರ ಮನೀನೂ ಮುರದಿಲ್ರಿ ಕಾಕಿ" ಅಂದೆ. ಆ ಮಾತು ಕೇಳಬೇಕಾದವರು ಅಲ್ಲೇ, ನಮ್ಮಿಬ್ಬರ ನಡುವೆಯೇ ಮಲಗಿದ್ದರು.