ಬೆಳ್ಳಿ ಬಿದ್ದ ಓಟ

ಹುತ್ರಿದುರ್ಗದ ಬುಡದಲ್ಲಿ ದಾಸಯ್ಯನ ಮನೆಗೆ ನಾಯಿ ಮನೆ ಅಂತಲೇ ಹೆಸರು. ಅಪ್ಪ ಮೊಲದ ಬೇಟೆಗೆ ಸಾಕುತ್ತಿದ್ದ ಉದ್ದ ಕಾಲಿನ, ಸಣ್ಣ ಸೊಂಟದ ನಾಯಿಗಳನ್ನೇ ಅವನು ಓಟದ ಪಂದ್ಯಕ್ಕೆ ತಯಾರು ಮಾಡಿದ. ಮರಿಗಳ ಆರೈಕೆ ಹೆಂಡತಿ ರಂಗಮ್ಮನದು, ಬೆಳಗ್ಗೆ ಕೆರೆ ಏರಿಯ ಮೇಲೆ ಓಡಿಸುವುದು ತಮ್ಮ ಕಾಂತೇಶನದು. ಅಪ್ಪ ತೀರಿಕೊಂಡ ಮೇಲೆ ಕಾಂತೇಶನನ್ನು ಸಾಕಿ ಬೆಳೆಸಿದ್ದೂ ಈ ಗಂಡ ಹೆಂಡತಿಯೇ.

ಬೆಳ್ಳಿ ಅವರ ಬೂದು ಬಣ್ಣದ ಹೆಣ್ಣುನಾಯಿ. ತಾಯಿ ಹತ್ತಿರ ಸೇರಿಸದೆ ಬಿಟ್ಟ ಮರಿಯನ್ನು ರಂಗಮ್ಮ ಮೇಕೆ ಹಾಲಲ್ಲಿ ಅದ್ದಿದ ಬಟ್ಟೆ ಚೀಪಿಸಿ ಉಳಿಸಿಕೊಂಡಿದ್ದಳು. ಗುಬ್ಬಿ, ಕುಣಿಗಲ್ ಕಡೆ ಅದನ್ನು ಹಿಂದೆ ಹಾಕುವ ನಾಯಿ ಇರಲಿಲ್ಲ. ಹೊರಗಿನವರು ಕೋಳಿ ತುಂಡು ಹಿಡಿದರೂ ಅದು ಮೂಸುತ್ತಿರಲಿಲ್ಲ.

2003ರಲ್ಲಿ ತುಮಕೂರಿನ ಹೊರಗೊಂದು ಬಯಲಲ್ಲಿ ಓಟ ಇಟ್ಟಿದ್ದರು. ಓಡುವ ನಾಯಿಗೆ ಬೆಳಗ್ಗೆಯಿಂದ ಹೊಟ್ಟೆಗೆ ಹಾಕುವುದಿಲ್ಲ. ಅರ್ಧ ದಾರಿಯವರೆಗೆ ಮುಂದಿದ್ದ ಬೆಳ್ಳಿ ಮುಗ್ಗರಿಸಿ ಬಿತ್ತು. ಹೊಟ್ಟೆ ತಮಟೆಯಂತೆ ಬಿಗಿದಿತ್ತು.

“ಹೊಟ್ಟೆ ತುಂಬ ತಿನ್ಸಿ ಓಡ್ಸಿದೀರಲ್ರೀ, ಕರುಳು ತಿರುಚ್ಕೊಂಡೈತೆ,” ಅಂದರು ದನದ ಡಾಕ್ಟರು. ಸಂಜೆಯೊಳಗೆ ಬೆಳ್ಳಿ ಸತ್ತಿತು. ಗೆದ್ದದ್ದು ಗುಬ್ಬಿಯ ಲಾರಿ ಮಾಲೀಕ ಮಹಾಲಿಂಗಯ್ಯನ ನಾಯಿ. ತಿನ್ನಿಸಿದ್ದು ಇವನೇ ಅಂತ ದಾಸಯ್ಯ ಅವನ ಕೊರಳಪಟ್ಟಿ ಹಿಡಿಯಲು ಹೋದ, ಜನ ಬಿಡಿಸಿ ಕಳಿಸಿದರು.

ಮನೆಯಲ್ಲಿ ರಂಗಮ್ಮ ಹೆಣದ ಮುಂದೆ ಕೂತು ಕೇಳಿದಳು, “ಬ್ಯಾರೆಯೋರ ಕೈಲಿ ಅದು ಯಾವತ್ತಾದ್ರೂ ತಿಂದೈತಾ?”

ದಾಸಯ್ಯ ತಿರುಗಿ ತಮ್ಮನನ್ನು ನೋಡಿದ. ಕಾಂತೇಶ ಗೋಡೆಗೊರಗಿ ಕುಸಿದ.

“ಸಾಯ್ಲಿ ಅಂತಿರ್ಲಿಲ್ಲ ಕಣಣ್ಣ. ಸೋತ್ರೆ ಸಾಕು, ಲಾರಿ ಓಡ್ಸೋಕೆ ಕೊಡ್ತೀನಿ ಅಂದ್ರು ಮಹಾಲಿಂಗಯ್ಯೋರು. ಒಂದಿಷ್ಟು ಮಾಂಸ ಹಾಕ್ದೆ.”

“ನಂಗೊಂದ್ ಮಾತು ಹೇಳಿದ್ರೆ ಓಟಕ್ಕೇ ಬುಡ್ತಿರ್ಲಿಲ್ವಲ್ಲೋ!” ಅಂದ ದಾಸಯ್ಯ.

“ನಿನ್ ಕೈ ಅಂತ ತಿಂತಲ್ಲೋ ಅದು,” ಅಂದಳು ರಂಗಮ್ಮ.

ಮಾರನೆಯ ದಿನ ದಾಸಯ್ಯ ಉಳಿದ ನಾಯಿಗಳನ್ನೆಲ್ಲ ಕುಣಿಗಲ್‌ನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಗೆಳೆಯ ಅಜ್ಮತುಲ್ಲಾನಿಗೆ ಒಪ್ಪಿಸಿದ. “ಕೋಪ ಇಳಿದ ಮೇಲೆ ಬಂದು ಕರ್ಕೊಂಡ್ಹೋಗು,” ಅಂದ ಅಜ್ಮತುಲ್ಲಾ. ದಾಸಯ್ಯ ಹೋಗಲೇ ಇಲ್ಲ.

ಕಾಂತೇಶನಿಗೆ ಲಾರಿ ಸಿಕ್ಕಿತು. ಎರಡು ವರ್ಷದ ಮೇಲೆ ಅವನ ಮದುವೆಗೆ ದಾಸಯ್ಯ ಹಿರಿಯನಾಗಿ ಹೋಗಿ, ಅಕ್ಷತೆ ಹಾಕಿ, ಊಟಕ್ಕೆ ಎಲೆ ಹಾಕುವ ಮುಂಚೆ ಬಸ್ ಹತ್ತಿದ. ರಂಗಮ್ಮ ಹೋಗಲಿಲ್ಲ. ಯಾರಾದರೂ ವಿಚಾರಿಸಿದರೆ, “ತಮ್ಮ ಗುಬ್ಬೀಲವ್ನೆ, ಲಾರಿ ಓಡುಸ್ತಾನೆ,” ಅನ್ನುತ್ತಾನೆ ದಾಸಯ್ಯ. ಅಷ್ಟೇ.