ಬಿಚ್ಚಿಟ್ಟ ಎಂಜಿನ್ನಿನ ಸದ್ದು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಎದ್ದು ಹೋಗುತ್ತಿದ್ದೆ. ಎಂಜಿನಿಯರಿಂಗ್ ಓದಿದವನು, ಅಳೆಯಲಾಗದ್ದನ್ನು ನಂಬುವ ಅಭ್ಯಾಸವಿರಲಿಲ್ಲ. ಈಗಲೂ ಇಲ್ಲ. ಓದುಗರು ನನ್ನನ್ನು ನಂಬಲೇಬೇಕೆಂದೂ ಕೇಳುವುದಿಲ್ಲ, ಏಕೆಂದರೆ ನನ್ನ ನೆನಪನ್ನು ನಾನೇ ಪೂರ್ತಿ ನಂಬಿಲ್ಲ.

ಐವತ್ತರ ದಶಕದ ನಡುವಿನ ಮಾತು. ಮುಲುಂಡ್‌ನಲ್ಲಿ ಸಿಲಿಂಡರುಗಳಿಗೆ ಆಕ್ಸಿಜನ್ ತುಂಬುವ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ. ಅಲ್ಲಿನ ದೊಡ್ಡ ಕಂಪ್ರೆಸರನ್ನು ಮೂವತ್ತು ವರ್ಷಗಳಿಂದ ಒಂದು ಗ್ಯಾಸ್ ಎಂಜಿನ್ ನಡೆಸುತ್ತಿತ್ತು. ಅದನ್ನು ತೆಗೆದು ವಿದ್ಯುತ್ ಮೋಟಾರು ಕೂಡಿಸುವ, ಕಂಪ್ರೆಸರಿಗೆ ಹೊಸ ವಾಲ್ವ್ ಹಾಕುವ ಹೊಣೆ ನನ್ನದು. ಹಳೆಯ ಎಂಜಿನ್ನನ್ನು ಬಿಚ್ಚಿ, ಪಿಸ್ಟನ್ ಒಂದು ಕಡೆ, ಸಿಲಿಂಡರು ಒಂದು ಕಡೆ, ಅಂಗಳದಲ್ಲಿ ಹಾಕಿಸಿದ್ದೆ. ಹನ್ನೊಂದು ದಿನ ರಜೆಯಿಲ್ಲದ ದುಡಿಮೆ. ಮಾಟುಂಗದ ಕೋಣೆಗೆ ಹೋಗುವಾಗ ಲೋಕಲ್ ರೈಲಿನಲ್ಲಿ ನಿಂತೇ ನಿದ್ದೆ ಮಾಡುತ್ತಿದ್ದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಮೋಟಾರು ಸಿದ್ಧವಾಯಿತು. ಬೆಳಗಾವಿ ಕಡೆಯ ಹಿರಿಯ ಫಿಟ್ಟರ್ ಒಬ್ಬರಿದ್ದರು. ಎಲ್ಲರಿಗೂ ಅವರು ಕಾಕಾ. ಬಿಚ್ಚಿ ಕೂಡಿಸಿದ ಯಂತ್ರವನ್ನು ಚಾಲೂ ಮಾಡುವ ಮೊದಲು ಅದರ ದೊಡ್ಡ ಗಾಲಿಯನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡುವುದು ಅವರ ಕ್ರಮ.

"ಒಂದ ಸುತ್ತು ತಿರಗಸೂಣ್ರಿ ಸಾಹೇಬ್ರ," ಅಂದರು.

"ನಿನ್ನೆ ತಿರಗಿಸೇವಲ್ರೀ ಕಾಕಾ."

"ನಿನ್ನೆ ಉಂಡೇವಂತ ಇವತ್ತ ಉಪಾಸ ಇರ್ತೀರೇನು?"

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಚಹಾ ಕುಡಿದು ಬನ್ನಿ ಎಂದು ಎಲ್ಲರನ್ನೂ ಕಳಿಸಿದೆ. ಕಾಕಾನೂ ಹೋದರೆಂದುಕೊಂಡೆ. ಅಭ್ಯಾಸಬಲದಿಂದ "ಯಾರಿದ್ದೀರಿ?" ಎಂದು ಒಮ್ಮೆ ಕೂಗಿದೆ. ಉತ್ತರವಿಲ್ಲ. ಸ್ವಿಚ್ಚಿನ ಹಿಡಿಯ ಮೇಲೆ ಕೈಯಿಟ್ಟೆ.

ಆಗ ಅಂಗಳದಿಂದ ಹಳೆಯ ಎಂಜಿನ್ನಿನ ಸದ್ದು ಕೇಳಿಸಿತು. ಧಪ್, ಧಪ್, ಧಪ್, ನಡುವೆ ಒಂದು ಏಟು ತಪ್ಪಿ, ಮತ್ತೆ ಧಪ್. ಎರಡು ವರ್ಷ ದಿನವೂ ಕೇಳಿದ ಸದ್ದು. ಹಿಡಿ ಬಿಟ್ಟು ಬಾಗಿಲಿಗೆ ಹೋದೆ. ಸದ್ದು ನಿಂತಿತು. ಎಂಜಿನ್ನಿನ ತುಂಡುಗಳು ಬಿಸಿಲಿನಲ್ಲಿ ಹಾಕಿದಂತೆಯೇ ಬಿದ್ದಿದ್ದವು.

ತಿರುಗಿ ನೋಡಿದೆ. ಕಂಪ್ರೆಸರಿನ ಗಾಲಿಯ ಹಿಂದಿನ ಗುಂಡಿಯಲ್ಲಿ ಕಾಕಾ ಕೂತಿದ್ದರು. ನನ್ನ ಕೂಗು ಅಲ್ಲಿಗೆ ಮುಟ್ಟಿರಲಿಲ್ಲ. ಗಾಲಿ ತಿರುಗಿಸುವ ಹಾರೆ ಸಿಕ್ಕಿಸಲು ಬಲಗೈಯನ್ನು ಗಾಲಿಯ ಅರಗಳ ನಡುವೆ ಹೆಗಲತನಕ ತೂರಿಸಿದ್ದರು.

"ಚಾ ಬಂತೇನ್ರಿ?" ಎಂದರು.

ಎಂಜಿನ್ ಸದ್ದು ಕೇಳಿತೇ ಎಂದೆ.

"ಅದರ ಹೊಟ್ಟಿ ಬಗದು ಹೊರಗ ಒಗದವ್ರು ನೀವಽ. ಈಗ ಕೂಗಂದ್ರ ಹೆಂಗ ಕೂಗತದರೀ?"

ನನ್ನ ಕೈ ಎಲ್ಲಿತ್ತೆಂದು ಅವರಿಗೆ ಹೇಳಲಿಲ್ಲ. ಎರಡೂ ಕೈಗಳೊಂದಿಗೆ ಅವರು ನಿವೃತ್ತರಾಗಿ ಊರಿಗೆ ಹೋದಾಗಲೂ ಹೇಳಲಿಲ್ಲ.

ಗೂಡ್ಸ್ ರೈಲಿನ ಸದ್ದಿರಬಹುದು. ದಣಿದ ತಲೆಯ ಆಟವಿರಬಹುದು. ಕಾಕಾನನ್ನು ಓರೆಗಣ್ಣಿನಲ್ಲಿ ಮೊದಲೇ ಕಂಡು, ಸದ್ದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು ಎಂದು ಮರುದಿನ ಸ್ವಿಚ್ಚಿನ ಬಳಿ ನಿಂತು ನೋಡಿದೆ. ಅಲ್ಲಿಂದ ಆ ಗುಂಡಿ ಕಾಣುವುದೇ ಇಲ್ಲ. ಇದನ್ನು ಹೇಳಿದ ಪ್ರತಿ ಸಲವೂ ಸದ್ದು ಇನ್ನಷ್ಟು ಸ್ಪಷ್ಟವಾಗುತ್ತಿದೆ. ಅದೇ ನನ್ನ ಅನುಮಾನಕ್ಕೆ ದೊಡ್ಡ ಕಾರಣ.

ಸದ್ದೇ ಇರಲಿಲ್ಲವೆಂದು ಬೇಕಾದರೆ ಒಪ್ಪುತ್ತೇನೆ. ಆದರೆ ಸ್ವಿಚ್ಚಿನಿಂದ ನನ್ನ ಕೈಯನ್ನು ಹಿಂದಕ್ಕೆ ತೆಗೆಸಿದ್ದು ನನ್ನ ವಿವೇಕವಲ್ಲ. ಅಷ್ಟು ಮಾತ್ರ ನನಗೆ ಚೆನ್ನಾಗಿ ಗೊತ್ತು.